ಸೊಂಟದ ಕೀಲಿಗೆ ಸಿಮೆಂಟ್: ತಾಯಿಗಾಗಿ ಮೂರು ಇಂಪ್ಲಾಂಟ್‌ಗಳನ್ನು ಹೋಲಿಸಿದ್ದು

ಗುಬ್ಬಿಯ ಮನೆಯ ಬಚ್ಚಲಲ್ಲಿ ಜಾರಿಬಿದ್ದು 79 ವರ್ಷದ ನನ್ನ ತಾಯಿ ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡಾಗ, ತುಮಕೂರಿನ ಖಾಸಗಿ ಆಸ್ಪತ್ರೆಯೊಂದರ ಮೂಳೆತಜ್ಞರು ಅರ್ಧ ಕೀಲು, ಅಂದರೆ ತೊಡೆಮೂಳೆಯ ತುದಿಯ ಗುಂಡನ್ನಷ್ಟೇ, ಬದಲಿಸಬೇಕೆಂದು ಹೇಳಿ ಮೂರು ಬಗೆಯ ಇಂಪ್ಲಾಂಟ್‌ಗಳ ದರಪಟ್ಟಿಯನ್ನು ನಮ್ಮ ಕೈಗಿತ್ತರು. ಕುತ್ತಿಗೆಯಿಂದ ಕೆಳಗೆ ಮುರಿದವರಿಗೆ ಸಾಮಾನ್ಯವಾಗಿ ರಾಡು ಹಾಕುವುದರಿಂದ ಈ ಹೋಲಿಕೆ ಅವರಿಗೆ ಅನ್ವಯಿಸದು.

ಪಟ್ಟಿಯಲ್ಲಿ ಅಗ್ಗದ್ದು ಆಸ್ಟಿನ್ ಮೂರ್. ತೊಡೆಮೂಳೆಯ ಕೊಳವೆಯೊಳಗೆ ಇಳಿಯುವ ಅದರ ಕಾಂಡದಲ್ಲಿರುವ ಕಿಂಡಿಗಳೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳಲಿ ಎಂಬ ಎಣಿಕೆಯಿಂದ ಸಿಮೆಂಟ್ (ಇಂಪ್ಲಾಂಟನ್ನು ಮೂಳೆಯೊಳಗೆ ಬಿಗಿಯಾಗಿ ಹಿಡಿಸುವ ವೈದ್ಯಕೀಯ ಮುದ್ದೆ) ಇಲ್ಲದೆ ಕೂರಿಸುತ್ತಾರೆ. ಆದರೆ ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಅದು ಸಡಿಲಗೊಂಡು ತೊಡೆನೋವು ಉಳಿಯುವುದುಂಟು. ಹೊಸ ಕಾಲದ ಸಿಮೆಂಟ್‌ರಹಿತ ಕಾಂಡಗಳನ್ನೂ ಸಿಮೆಂಟಿನವುಗಳೊಂದಿಗೆ ಬ್ರಿಟನ್ನಿನಲ್ಲಿ 1,225 ರೋಗಿಗಳ ಮೇಲೆ ಹೋಲಿಸಿ ನೋಡಿದ್ದಾರೆ. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂಪ್ಲಾಂಟ್ ಸುತ್ತ ಮೂಳೆ ಮತ್ತೆ ಮುರಿದದ್ದು ಸಿಮೆಂಟ್ ಹಾಕಿದವರಲ್ಲಿ ಶೇ. 0.5, ಹಾಕದವರಲ್ಲಿ ಶೇ. 2.1. ಇದನ್ನು ಓದಿದ ಮೇಲೆ ಮೊದಲನೆಯದನ್ನು ಕೈಬಿಟ್ಟೆವು.

ಉಳಿದೆರಡೂ ಸಿಮೆಂಟಿನವೇ. ಥಾಂಪ್ಸನ್‌ನಲ್ಲಿ ಗುಂಡು ಮತ್ತು ಕಾಂಡ ಒಂದೇ ತುಂಡು. ಎಕ್ಸೆಟರ್ ಮಾದರಿಯದರಲ್ಲಿ ನುಣುಪಾದ, ಕೆಳಕ್ಕೆ ಸಪೂರವಾಗುವ ಕಾಂಡದ ಮೇಲೆ ಗುಂಡನ್ನು ಬೇರೆಯಾಗಿ ಕೂರಿಸುತ್ತಾರೆ. ಹೀಗಾಗಿ ಕಾಲಿನ ಉದ್ದವನ್ನು ಹೊಂದಿಸುವುದೂ, ಮುಂದೆ ಪೂರ್ಣ ಕೀಲು ಬೇಕಾದರೆ ಕಾಂಡವನ್ನು ಕೀಳದೆ ಬದಲಿಸುವುದೂ ಎಕ್ಸೆಟರ್‌ನಲ್ಲಿ ಸುಲಭ. ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ಸಂಸ್ಥೆ ನೈಸ್‌ನ (NICE) ಮಾರ್ಗಸೂಚಿಯ ಒಲವೂ ಇಂಥದರತ್ತಲೇ. ಆದರೆ 964 ರೋಗಿಗಳಲ್ಲಿ ಇವೆರಡನ್ನೂ ಹೋಲಿಸಿದ ಅಧ್ಯಯನದಲ್ಲಿ ಜೀವನದ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಕ್ಸೆಟರ್‌ಗೆ ನಮಗೆ ಹೇಳಿದ ಬೆಲೆಯೋ ಥಾಂಪ್ಸನ್‌ನ ದುಪ್ಪಟ್ಟಿಗೂ ಮೇಲು. ಅಂಗಳ, ಅಡುಗೆಮನೆ, ಬೀದಿಯ ಕೊನೆಯ ಗುಡಿ, ಇಷ್ಟೇ ಓಡಾಟದ ತಾಯಿಗೆ ಥಾಂಪ್ಸನ್ ಸಾಕೆಂದು ತೀರ್ಮಾನಿಸಿದೆವು. ಪೇಟೆ ಸುತ್ತುವ, ಹೊಲಕ್ಕೆ ಹೋಗುವ ಹಿರಿಯರಾಗಿದ್ದರೆ ನಾನೇ ಇನ್ನೊಂದನ್ನು ಆರಿಸುತ್ತಿದ್ದೆ.

ಎರಡು ಬಗೆಯ ಆಂಟಿಬಯಾಟಿಕ್ ಬೆರೆಸಿದ ದುಬಾರಿ ಸಿಮೆಂಟ್ ಬೇಕೇ ಎಂದೂ ಕೇಳಿದರು. 2023ರಲ್ಲಿ ಪ್ರಕಟವಾದ, ಸುಮಾರು 4,900 ರೋಗಿಗಳ ಅಧ್ಯಯನದಲ್ಲಿ ಅದರಿಂದ ಆಳದ ಸೋಂಕು ಕಡಿಮೆಯಾದದ್ದು ಖಚಿತವಾಗಿ ಕಂಡುಬರಲಿಲ್ಲವಾದ್ದರಿಂದ ಬೇಡವೆಂದೆವು.

ಸಿಮೆಂಟಿಗೂ ತನ್ನದೇ ಅಪಾಯವಿದೆ. ಪುಡಿ ಮತ್ತು ದ್ರವವನ್ನು ಕಲಸಿದ ಆ ಮುದ್ದೆ ಗಟ್ಟಿಯಾಗುತ್ತಾ ಬಿಸಿಯೇರುತ್ತದೆ. ಅದನ್ನು ಮೂಳೆಯ ಕೊಳವೆಗೆ ಒತ್ತಿ ತುಂಬುವ ಹೊತ್ತಿಗೆ ಮಜ್ಜೆಯ ಕೊಬ್ಬು ರಕ್ತನಾಳಕ್ಕೆ ನುಗ್ಗಿ ರಕ್ತದೊತ್ತಡವೂ ಆಮ್ಲಜನಕವೂ ಒಮ್ಮೆಗೇ ಇಳಿಯಬಹುದು. ಅಪರೂಪಕ್ಕೆ ಪ್ರಾಣಕ್ಕೇ ಎರವಾಗುವುದುಂಟು. ಹೃದಯ, ಶ್ವಾಸಕೋಶದ ತೊಂದರೆಯಿದ್ದವರು ಇಂಪ್ಲಾಂಟಿನ ಹೆಸರಿಗಿಂತ ಮೊದಲು ಅರಿವಳಿಕೆ ತಜ್ಞರೊಂದಿಗೆ ಈ ಮಾತನ್ನು ಆಡಬೇಕು. ತಾಯಿಯ ಬಿಪಿ ಮಾತ್ರೆಗಳ ಚೀಟಿಯನ್ನು ನಮ್ಮ ತಜ್ಞರು ಎರಡು ಬಾರಿ ಓದಿದ್ದು ನನಗೆ ಧೈರ್ಯ ತಂದಿತು.

ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿಸಿ, ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಿಸಿ ನಿಲ್ಲಿಸಿದರು. ಸಿಮೆಂಟಿನ ದೊಡ್ಡ ಅನುಕೂಲವೇ ಇದು. ಆರನೇ ವಾರಕ್ಕೆ ತಾಯಿ ಕೋಲೂರಿಕೊಂಡು ತುಳಸಿಕಟ್ಟೆಯನ್ನು ಸುತ್ತಿದರು.

ನನ್ನ ತಕರಾರು ಒಂದೇ. ಬಿಲ್ಲಿನಲ್ಲಿ ‘ಇಂಪ್ಲಾಂಟ್ – 1’ ಎಂದಷ್ಟೇ ಬರೆದಿದ್ದರು. ಪಟ್ಟುಹಿಡಿದು ಕೇಳಿದ ಮೇಲೆ ವಾರ್ಡಿನ ಸಿಸ್ಟರ್ ಕೇಸ್ ಶೀಟಿನ ಹಿಂಬದಿಗೆ ಅಂಟಿಸಿದ್ದ ಎರಡು ಸ್ಟಿಕ್ಕರ್ ತೋರಿಸಿದರು: ಒಂದು ಸಿಮೆಂಟಿನದು, ಇನ್ನೊಂದರಲ್ಲಿ ಕಂಪನಿ, ಅಳತೆ, ಲಾಟ್ ಸಂಖ್ಯೆ. ಎರಡರ ಫೋಟೊವನ್ನೂ ತಾಯಿಯ ಎಕ್ಸ್‌ರೇ ಲಕೋಟೆಯಲ್ಲಿ ಇಟ್ಟಿದ್ದೇನೆ.