ಡೆನ್ಮಾರ್ಕಿನ ಹನ್ನೆರಡು ಗಂಟೆ ಎಂದರೆ ನಮ್ಮಲ್ಲಿ ಎಷ್ಟು?

ಕಳೆದ ವರ್ಷ ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ 600ಕ್ಕೆ 564 ಅಂಕ ಪಡೆದಳು. ಆದರೂ ಡೆನ್ಮಾರ್ಕಿನ ಎಂಜಿನಿಯರಿಂಗ್ ಪದವಿಗೆ ಅವಳು ಹಾಕಿದ್ದ ಅರ್ಜಿ ಆ ಅಂಕಗಳ ಪರಿಶೀಲನೆಯವರೆಗೂ ಹೋಗಲಿಲ್ಲ. ಪಿಯು ಅಂಕಪಟ್ಟಿಯನ್ನು ನೆಚ್ಚಿಕೊಂಡು ಆ ದೇಶಕ್ಕೆ ಅರ್ಜಿ ಹಾಕಲಿರುವ ಮಕ್ಕಳ ಪೋಷಕರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಡೆದ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಅರ್ಜಿಯ ಕೆಲಸವನ್ನು ನಮ್ಮೂರಿನ ಒಂದು ಕನ್ಸಲ್ಟೆನ್ಸಿಗೆ ಒಪ್ಪಿಸಿದ್ದೆವು. ಅಲ್ಲಿನವರು ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ‘94 = 12’ ಎಂದು ಬರೆದು, ಸೀಟು ಖಚಿತವೆಂಬಂತೆ ನಮ್ಮ ಮುಂದೆ ಸರಿಸಿದರು. ಡೆನ್ಮಾರ್ಕಿನ ಶ್ರೇಣಿಯಲ್ಲಿ 12, 10, 7, 4, 02, 00, -3 ಎಂಬ ಏಳು ಮೆಟ್ಟಿಲುಗಳಿದ್ದು, 12 ಅತ್ಯುನ್ನತ, 02 ತೇರ್ಗಡೆಯ ಕನಿಷ್ಠ ಎಂಬುದು ನಿಜ. ಆದರೆ ಹೊರದೇಶದ ಅಂಕಗಳನ್ನು ಶೇಕಡಾವಾರು ನೋಡಿ ನೇರವಾಗಿ ಆ ಮೆಟ್ಟಿಲುಗಳ ಮೇಲೆ ಕೂರಿಸುವುದಿಲ್ಲ. ಅದಕ್ಕೆ ದೇಶವಾರು ಸರ್ಕಾರಿ ಪರಿವರ್ತನಾ ನಿಯಮಗಳಿವೆ. ಇನ್ನೂ ಮುಖ್ಯವಾಗಿ, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷ್ ಇವುಗಳನ್ನು ಎ, ಬಿ, ಸಿ ಎಂಬ ಯಾವ ಮಟ್ಟದವರೆಗೆ ಓದಲಾಗಿದೆ ಎಂಬುದನ್ನು ಬೇರೆಯಾಗಿ ಅಳೆಯುತ್ತಾರೆ. ಮಟ್ಟ ಸಾಲದಿದ್ದರೆ ನೂರಕ್ಕೆ ನೂರು ಬಂದಿದ್ದರೂ ಆ ಕೊರತೆ ತುಂಬುವುದಿಲ್ಲ. ಈ ವಿಷಯವನ್ನು ಕನ್ಸಲ್ಟೆನ್ಸಿಯವರು ಒಮ್ಮೆಯೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಅರ್ಜಿಯ ಗಡುವು ಮಾರ್ಚ್ 15ರ ಮಧ್ಯಾಹ್ನ ಹನ್ನೆರಡು ಗಂಟೆ, ಅಂದರೆ ನಮ್ಮ ಸಂಜೆ ನಾಲ್ಕೂವರೆ. ನಮ್ಮ ಪಿಯು ಪರೀಕ್ಷೆಗಳು ನಡೆಯುವುದೂ ಅದೇ ದಿನಗಳಲ್ಲಿ. ಮಗಳು ಎರಡು ಪರೀಕ್ಷೆಗಳ ನಡುವಿನ ಬಿಡುವಿನಲ್ಲಿ ಸಹಿಯ ಪುಟಗಳನ್ನು ಮುದ್ರಿಸಿ, ಸಹಿ ಹಾಕಿ ಕಳುಹಿಸಿದಳು. ಪರೀಕ್ಷೆ ಇನ್ನೂ ಮುಗಿಯದವರು ಅಂತಿಮ ಅಂಕಪಟ್ಟಿಯನ್ನು ಜುಲೈ 5ರ ಮಧ್ಯಾಹ್ನ ಹನ್ನೆರಡರೊಳಗೆ ಸಲ್ಲಿಸಬೇಕಿತ್ತು.

ಏಪ್ರಿಲಿನಲ್ಲಿ ಫಲಿತಾಂಶ ಬಂತು. ಆದರೆ ಅಂಕಪಟ್ಟಿಯಲ್ಲಿ ಹೆಸರಿನೊಂದಿಗೆ ಬರೀ ಇನಿಷಿಯಲ್ ಇತ್ತು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿಯಾಗಿತ್ತು. ತಿದ್ದುಪಡಿ ಆಗುವವರೆಗೆ ಏನನ್ನೂ ಅಪ್‌ಲೋಡ್ ಮಾಡುವುದು ಬೇಡವೆಂದು ಕನ್ಸಲ್ಟೆನ್ಸಿಯವರು ಹೇಳಿದರು. ಇದ್ದ ಅಂಕಪಟ್ಟಿಯನ್ನೇ ಒಂದು ವಿವರಣೆಯೊಂದಿಗೆ ಕಳುಹಿಸಿ, ನೇರವಾಗಿ ವಿಶ್ವವಿದ್ಯಾಲಯವನ್ನೇ ವಿಚಾರಿಸಬಹುದಿತ್ತು ಎಂಬುದು ಆಗ ನಮಗೆ ಹೊಳೆಯಲಿಲ್ಲ. ಕಾಲೇಜಿಗೂ ಮಂಡಳಿಗೂ ಅಲೆದು ಹೊಸ ಪ್ರತಿ ಕೈಸೇರಿದ್ದು ಜುಲೈ 4ರಂದು.

ಮರುದಿನ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಲು ಕುಳಿತಾಗ ಗೋಡೆಯ ಗಡಿಯಾರ ನಾಲ್ಕು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಮಾರ್ಚಿನ ಲೆಕ್ಕದಂತೆ ಇನ್ನೂ ಇಪ್ಪತ್ತು ನಿಮಿಷ ಉಳಿದಿದೆ ಎಂದುಕೊಂಡಿದ್ದೆವು. ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಜುಲೈನಲ್ಲಿ ಅವರ ಹನ್ನೆರಡು ಎಂದರೆ ನಮ್ಮ ಮೂರೂವರೆ. ಗಡುವು ಮುಗಿದು ನಲವತ್ತು ನಿಮಿಷವಾಗಿತ್ತು. ದಾಖಲೆ ಅವಧಿಯೊಳಗೆ ಬಂದಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು.

ಇಷ್ಟೇ ಆಗಿದ್ದರೆ ನಮ್ಮ ಅಜಾಗರೂಕತೆ ಎಂದು ಸುಮ್ಮನಿರಬಹುದಿತ್ತು. ಆದರೆ ಅರ್ಜಿಯ ಖಾತೆಯನ್ನು ಕನ್ಸಲ್ಟೆನ್ಸಿಯವರು ಮಗಳ ಹೆಸರಿನಲ್ಲಿ ತಾವೇ ತೆರೆದ ಒಂದು ಇಮೇಲ್ ವಿಳಾಸಕ್ಕೆ ಜೋಡಿಸಿದ್ದರು. ಕೊನೆಯ ದಿನವಷ್ಟೇ ಅರ್ಜಿಯ ಖಾತೆಗೆ ಹೋಗಲು ಬಿಟ್ಟಿದ್ದ ಅವರು, ಆ ಇಮೇಲಿನ ಪಾಸ್‌ವರ್ಡ್ ಕೊಟ್ಟದ್ದು ಮಗಳು ಸಿಇಟಿ ಮೂಲಕ ಇಲ್ಲಿಯೇ ಕಾಲೇಜು ಸೇರಿದ ಮೇಲೆ, ಹಲವು ಬಾರಿ ಜಗಳವಾಡಿದ ಬಳಿಕ. ತೆರೆದು ನೋಡಿದರೆ ಮೇ ತಿಂಗಳಲ್ಲೇ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂದಿತ್ತು. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಪಠ್ಯಕ್ರಮವನ್ನೂ ಬೋಧನಾ ಅವಧಿಯನ್ನೂ ತೋರಿಸುವ ಕಾಲೇಜಿನ ಪತ್ರ ಬೇಕೆಂದು ಅದರಲ್ಲಿ ಕೇಳಿದ್ದರು. ಅದನ್ನು ಯಾರೂ ತೆರೆದೇ ಇರಲಿಲ್ಲ.