ಸೆನ್‌ಹೈಸರ್ ಎಚ್‌ಡಿ 600: ನನ್ನ ಕಿವಿ ಹೇಳಿದ ರಿವ್ಯೂ

ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಬಂದದ್ದು 1997ರಲ್ಲಿ. ಇಷ್ಟು ವರ್ಷಗಳಲ್ಲಿ ಅದರ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಓದುತ್ತಾ ಹೋದರೆ ತಲೆ ಕೆಡುತ್ತದೆ. ಬೇಸ್, ಅಂದರೆ ಕೆಳಗಿನ ಸ್ಥಾಯಿಯ ಸದ್ದು, ಸಾಲದು ಎಂದು ಒಬ್ಬರು ಬರೆದರೆ, ಬೇಸ್ ಇರಬೇಕಾದಷ್ಟೇ ಇದೆ ಎಂದು ಇನ್ನೊಬ್ಬರು. ಒಬ್ಬರಿಗೆ ಹಾಡುವವರ ದನಿ ಕಿವಿಗೆ ರಾಚುತ್ತದೆ, ಮತ್ತೊಬ್ಬರಿಗೆ ಅದೇ ದನಿ ಜೀವಂತವಾಗಿ ಕೇಳುತ್ತದೆ. ಎಲ್ಲರೂ ಅನುಭವಸ್ಥರೇ. ಹಾಗಾದರೆ ಯಾರನ್ನು ನಂಬುವುದು?

ನಾನು ನಂಬಿದ್ದು ನನ್ನ ಕಿವಿಯನ್ನು. ನನಗೆ ಕನ್ನಡಕ ಇದೆ. ಹೆಚ್ಚಾಗಿ ರಾತ್ರಿ ಹೊತ್ತು, ಸದ್ದು ಕಡಿಮೆ ಇಟ್ಟುಕೊಂಡು ಕೇಳುತ್ತೇನೆ. ಕೇಳುವುದು ಹಾಡುಗಾರಿಕೆ ಮತ್ತು ತಂತಿವಾದ್ಯ. ಈ ಮೂರನ್ನೂ ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮುಂದೆ ನಾನು ಹೇಳುವುದೆಲ್ಲ ಇವುಗಳ ಮೇಲೇ ನಿಂತಿದೆ.

ಈ ಹೆಡ್‌ಫೋನಿನ ದೊಡ್ಡ ಶಕ್ತಿ ಮನುಷ್ಯರ ದನಿ. ಹಾಡುವವರು ಉಸಿರು ತೆಗೆದುಕೊಳ್ಳುವುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಗಂಟಲಿನಲ್ಲಿ ಆಗುವ ಸಣ್ಣ ಬದಲಾವಣೆ, ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಪಿಟೀಲಿನಲ್ಲಿ ಕಮಾನು ದಿಕ್ಕು ಬದಲಿಸಿದ್ದು ಗೊತ್ತಾಗುತ್ತದೆ. ನಾನು ಯಾವ ಹೆಡ್‌ಫೋನ್ ಆದರೂ ಮೊದಲು ಹಾಕಿ ನೋಡುವುದು ಬರೀ ತಂಬೂರಿ ಶ್ರುತಿ. ಜೀವಾಳದ ದಾರ, ಅಂದರೆ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ನೂಲು, ಸರಿಯಾಗಿ ಕೂತಿದ್ದರೆ ಒಂದು ತಂತಿ ಮೀಟಿದಾಗ ಅದರೊಳಗಿಂದ ಎಷ್ಟೊಂದು ಮೇಲಿನ ಸ್ವರಗಳು ಒಂದರ ಹಿಂದೊಂದು ಎದ್ದು ಬರುತ್ತವೆ, ಅಲ್ವಾ? ಕೆಲವು ಹೆಡ್‌ಫೋನುಗಳಲ್ಲಿ ಅದು ಸುಮ್ನೆ ಗುಂಯ್ ಎನ್ನುವ ಸದ್ದಾಗಿಬಿಡುತ್ತದೆ. ಇದರಲ್ಲಿ ಪ್ರತಿ ಮೀಟೂ ಬಿಡಿಸಿ ಕೇಳುತ್ತದೆ. ಇಂಥ ಪರೀಕ್ಷೆ ನಾನು ಓದಿದ ಯಾವ ರಿವ್ಯೂನಲ್ಲೂ ಇರಲಿಲ್ಲ. ಇರಬೇಕು ಅಂತೇನೂ ಇಲ್ಲ, ಅವರು ಕೇಳುವ ಸಂಗೀತ ಬೇರೆ.

ದನಿ ರಾಚುತ್ತದೆ ಎಂದವರೂ ಸುಳ್ಳು ಹೇಳುತ್ತಿಲ್ಲ. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದು 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು, ಅಂದರೆ ದನಿ ರಾಚುವಂತೆ ಕೇಳಿಸುವ ಭಾಗವನ್ನೇ, ತಾನೇ ಎತ್ತಿ ಕೊಡುತ್ತದೆ. ಎಷ್ಟು ಎತ್ತುತ್ತದೆ, ಸರಿಯಾಗಿ ಎಲ್ಲಿ ಎತ್ತುತ್ತದೆ ಎನ್ನುವುದು ಒಬ್ಬೊಬ್ಬರ ಕಿವಿಯಲ್ಲೂ ಸ್ವಲ್ಪ ಬೇರೆ. ಹೊರಗಿನ ಕಿವಿಯ ಮಡಿಕೆಗಳಂತೂ ಇಬ್ಬರಲ್ಲಿ ಒಂದೇ ಥರ ಇರುವುದಿಲ್ಲ. ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂದು ತೋರಿಸುವ ಹೆಡ್‌ಫೋನಿನ ಗ್ರಾಫ್ ತೆಗೆಯುವುದು ರಬ್ಬರಿನ ಕೃತಕ ಕಿವಿಯ ಮೇಲೆ. ಎರಡು ಹೆಡ್‌ಫೋನ್ ಹೋಲಿಸಲು ಗ್ರಾಫ್ ತುಂಬ ಉಪಯೋಗ, ನಾನೂ ನೋಡುತ್ತೇನೆ. ಆದರೆ ಮೇಲಿನ ತೀಕ್ಷ್ಣ ಸ್ವರಗಳಿಗೆ ಬಂದರೆ ಆ ಗೆರೆಗೂ ನನ್ನ ಕಿವಿಗೆ ಬೀಳುವುದಕ್ಕೂ ತಾಳೆ ಆಗಲೇಬೇಕೆಂದಿಲ್ಲ.

ಬೇಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಓಪನ್ ಬ್ಯಾಕ್ ಹೆಡ್‌ಫೋನ್, ಹಿಂಭಾಗ ಜಾಲರಿ. ತೀರಾ ಕೆಳಗಿನ ಸದ್ದು ಇದರಲ್ಲಿ ಇಳಿದುಹೋಗುತ್ತದೆ. ಎದೆ ನಡುಗಿಸುವ ಬೇಸ್ ಬೇಕಾದವರಿಗೆ ಇದು ಖಂಡಿತ ಅಲ್ಲ. ನನ್ನ ಹತ್ತಿರ ಒಂದು ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಕೂಡ ಇದೆ, ಆಳವಾದ ಬೇಸ್‌ಗೆಂದೇ ರಿವ್ಯೂಗಾರರೆಲ್ಲ ಮೆಚ್ಚಿದ್ದು. ಕನ್ನಡಕ ಹಾಕಿಕೊಂಡು ಕೇಳಿದರೆ ಅದರಲ್ಲಿ ಮೃದಂಗದ ಎಡಭಾಗದ ತಗ್ಗಿನ ಸದ್ದು ಎಚ್‌ಡಿ 600ಗಿಂತಲೂ ಪೊಳ್ಳು. ಕನ್ನಡಕ ತೆಗೆದು ಇಯರ್‌ಪ್ಯಾಡನ್ನು ಕೈಯಲ್ಲಿ ಒತ್ತಿ ಹಿಡಿದರೆ ಬೇಸ್ ಒಂದೇ ಸಲ ತುಂಬಿಕೊಳ್ಳುತ್ತದೆ. ಕನ್ನಡಕದ ಕಡ್ಡಿ ಪ್ಯಾಡಿನ ಕೆಳಗೆ ಸಂದು ಮಾಡುತ್ತದೆ, ಅಲ್ಲಿಂದ ಗಾಳಿ ಸೋರುತ್ತದೆ, ಅದರ ಜೊತೆ ಬೇಸೂ ಹೋಗುತ್ತದೆ. ಎಚ್‌ಡಿ 600ನಲ್ಲಿ ಕನ್ನಡಕ ತೆಗೆದರೂ ಹಾಕಿದರೂ ನನಗೆ ವ್ಯತ್ಯಾಸ ತುಂಬ ಕಡಿಮೆ. ಕನ್ನಡಕವಿಲ್ಲದ ರಿವ್ಯೂಗಾರನಿಗೆ ಇದು ತಿಳಿಯುವುದಾದರೂ ಹೇಗೆ?

ಇನ್ನೊಂದು, ಎಷ್ಟು ಜೋರಾಗಿ ಕೇಳುತ್ತೀರಿ ಎನ್ನುವುದು. ಸದ್ದು ಕಡಿಮೆ ಮಾಡಿದಷ್ಟೂ ನಮ್ಮ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದರು. ಜೋರಾಗಿ ಕೇಳುವವರು 'ಬೇಸ್ ಸಮನಾಗಿದೆ' ಎಂದು ಬರೆದದ್ದು ಅವರ ಮಟ್ಟಿಗೆ ಸರಿ. ನನ್ನ ರಾತ್ರಿಯ ವಾಲ್ಯೂಮಿನಲ್ಲಿ ಸ್ವಲ್ಪ ಸಾಲದು. ಸದ್ದಿನ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ ಕೆಳಗಿನ ಭಾಗವನ್ನು 3 ಡೆಸಿಬಲ್ ಏರಿಸಿಕೊಂಡಿದ್ದೇನೆ, ನನಗೆ ಹಿತವಾಗಿದೆ. ಈಕ್ವಲೈಜರ್ ಮುಟ್ಟಿದರೆ ಸಂಗೀತ ಕೆಡುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

ಕಿವಿಯನ್ನು ನಂಬುವುದು ಎಂದರೆ ಮೊದಲ ಸಲ ಅನ್ನಿಸಿದ್ದೇ ಸರಿ ಎಂದಲ್ಲ. ಎರಡು ಹೆಡ್‌ಫೋನ್ ಹೋಲಿಸುವಾಗ ಒಂದೇ ಹಾಡಿನ ಒಂದೇ ಜಾಗ ಹಾಕಿ, ಎರಡರಲ್ಲೂ ದನಿ ಒಂದೇ ಮಟ್ಟಕ್ಕೆ ಬರುವಂತೆ ವಾಲ್ಯೂಮ್ ಸರಿಮಾಡಿಕೊಳ್ಳಲೇಬೇಕು. ಸ್ವಲ್ಪ ಜೋರಾಗಿ ಕೇಳಿದ್ದು ಯಾವತ್ತೂ 'ಚೆನ್ನಾಗಿದೆ' ಅನ್ನಿಸುತ್ತದೆ. ಎಚ್‌ಡಿ 600 ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್. ಹಾಗಾಗಿ ಅದೇ ವಾಲ್ಯೂಮಿನಲ್ಲಿ ಎಷ್ಟೋ ಸಾಮಾನ್ಯ ಹೆಡ್‌ಫೋನುಗಳಿಗಿಂತ ಮೆತ್ತಗೆ ಕೇಳುತ್ತದೆ. ಹಾಗೇ ಹೋಲಿಸಿದರೆ ಪಾಪ, ಇದು ಸಪ್ಪೆ ಅನ್ನಿಸಿಬಿಡುತ್ತದೆ.

ಆಂಪ್ಲಿಫೈಯರ್ ಬಗ್ಗೆಯೂ ತುಂಬ ಕಡೆ ಹೆದರಿಸುತ್ತಾರೆ, ದೊಡ್ಡದೇ ಬೇಕು ಎಂದು. ಮೇಜಿನ ಮೇಲಿನ ಆಂಪನ್ನೂ ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲನ್ನೂ ಗೆಳೆಯರೊಬ್ಬರು ನನಗೆ ಹೇಳದೆ ಬದಲಿಸಿ ಕೊಟ್ಟರು, ಸದ್ದಿನ ಮಟ್ಟ ಸರಿಸಮ ಮಾಡಿ. ನನ್ನ ವಾಲ್ಯೂಮಿಗೆ ಯಾವುದು ಯಾವುದೆಂದು ಬೇರೆ ಮಾಡಿ ಹೇಳಲು ಆಗಲಿಲ್ಲ. ಜೋರಾಗಿ ಕೇಳುವವರಿಗೆ ಆಂಪ್ ಬೇಕಾಗಬಹುದು, ನನಗೆ ಡಾಂಗಲ್ ಸಾಕು. ಹೆಡ್‌ಫೋನುಗಳ ನಡುವೆ ಇಂಥ ಗುಟ್ಟಿನ ಪರೀಕ್ಷೆ ಕಷ್ಟ. ತಲೆಯ ಮೇಲೆ ಕೂತ ಕೂಡಲೇ ಯಾವುದೆಂದು ತೂಕದಲ್ಲೇ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿ ಒಂದು ಸಂಜೆಯ ತೀರ್ಪು ನನಗೆ ಸಾಕಾಗುವುದಿಲ್ಲ, ದಿನಗಟ್ಟಲೆ ಕೇಳುತ್ತೇನೆ.

ಉಳಿದದ್ದು ಬೇಗ ಹೇಳುತ್ತೇನೆ. ಹೊಸತರಲ್ಲಿ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಬರಬರುತ್ತಾ ಸಡಿಲವಾಗುತ್ತದೆ. ಕೇಬಲ್, ಪ್ಯಾಡ್ ಎಲ್ಲ ಬಿಚ್ಚಿ ಬದಲಿಸಬಹುದು, ಇದು ನನಗೆ ತುಂಬ ಇಷ್ಟ. ಸದ್ದು ಹೊರಗೂ ಕೇಳುತ್ತದೆ, ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಕಷ್ಟ. ಬಸ್ಸು, ರೈಲಿನಲ್ಲಿ ಪ್ರಯೋಜನವಿಲ್ಲ.

ಕೊಳ್ಳುವ ಮೊದಲು ಬೇರೆಯವರದ್ದನ್ನು ಹಾಕಿ ನೋಡುವುದಾದರೆ ಪ್ಯಾಡನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ. ಹಳೆಯ ಪ್ಯಾಡ್ ಚಪ್ಪಟೆಯಾಗಿದ್ದರೆ ಕಿವಿ ಸದ್ದು ಹೊರಡಿಸುವ ಡ್ರೈವರಿಗೆ ಹತ್ತಿರವಾಗಿ ಸದ್ದೇ ಬದಲಾಗಿರುತ್ತದೆ. ಹೊಸ ಪ್ಯಾಡ್ ಇರುವುದನ್ನು ಹುಡುಕಿ, ನಿಮ್ಮದೇ ಫೋನು, ನಿಮಗೆ ಬಾಯಿಪಾಠ ಬರುವ ಹಾಡುಗಳನ್ನು ತೆಗೆದುಕೊಂಡು ಹೋಗಿ. ಕನ್ನಡಕ ಇದ್ದರೆ ಹಾಕಿಕೊಂಡೇ ಕೇಳಿ.