ಹಂದಿಮರಿಗಳಿಗೆ ಬೆಚ್ಚನೆ ಜಾಗ: ಲ್ಯಾಂಪೋ, ಮ್ಯಾಟೋ?

ಹುಟ್ಟಿದ ಮರಿಗೆ ಮೊದಲ ಎರಡು ಮೂರು ದಿನ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬೇಕು, ತಾಯಿಗೆ 20ರ ಆಸುಪಾಸು ಸಾಕು. ಹಾಗಾಗಿ ಇಡೀ ಕೋಣೆ ಕಾಯಿಸಬೇಡಿ. ಸೆಕೆಗೆ ತಾಯಿ ಮೇವು ಬಿಡುತ್ತದೆ, ಹಾಲೂ ಇಳಿಯುತ್ತದೆ.

ಇನ್‌ಫ್ರಾರೆಡ್ ಲ್ಯಾಂಪ್ ಅಗ್ಗ, ಹಾಕಿದ ಕೂಡಲೇ ಕಾಯುತ್ತದೆ. ಇದರ ದೊಡ್ಡ ಲಾಭ, ಒದ್ದೆ ಮೈಯನ್ನು ಮೇಲಿನಿಂದ ಒಣಗಿಸುವುದು. ಮೈಯಲ್ಲಿ ಕೊಬ್ಬು ತೀರಾ ಕಡಿಮೆಯಿರುವ ಮರಿ ಆ ತೇವದಿಂದಲೇ ತಣ್ಣಗಾಗಿ, ಹಾಲು ಚೀಪುವ ತ್ರಾಣ ಕಳೆದುಕೊಳ್ಳುತ್ತದೆ. ತೊಂದರೆಯೆಂದರೆ 175ರಿಂದ 250 ವ್ಯಾಟ್ ಕರೆಂಟು ಎಳೆಯುತ್ತದೆ, ಬಲ್ಬು ಒಡೆಯುತ್ತದೆ, ಬಿದ್ದರೆ ಹುಲ್ಲಿಗೆ ಬೆಂಕಿ. ವೈರಿನಿಂದ ತೂಗುಹಾಕಲೇಬೇಡಿ, ಸರಪಳಿಯೇ ಆಗಬೇಕು. ಹೋಲ್ಡರ್ ಪಿಂಗಾಣಿಯದಿರಲಿ, ಪ್ಲಾಸ್ಟಿಕ್ ಆದರೆ ಕರಗುತ್ತದೆ.

ಹೀಟ್ ಮ್ಯಾಟ್ ಅಂದರೆ ಕರೆಂಟಿನಿಂದ ಕಾಯುವ, ನೆಲಕ್ಕೆ ಹಾಸುವ ಹಾಸು. ಇದಕ್ಕೆ ಕರೆಂಟು ಕಡಿಮೆ ಸಾಕು, ಶಾಖ ಹೊಟ್ಟೆಯಡಿ ಸಮವಾಗಿ ಹರಡುತ್ತದೆ. ಆದರೆ ನಿಧಾನ, ಹೆರಿಗೆಗೆ ಒಂದು ದಿನ ಮುಂಚೆಯೇ ಹಾಕಿಡಿ. ಥರ್ಮೋಸ್ಟಾಟ್, ಅಂದರೆ ಶಾಖವನ್ನು ತಾನೇ ಹತೋಟಿಯಲ್ಲಿಡುವ ಸಾಧನ, ಇಲ್ಲದ್ದನ್ನು ಕೊಳ್ಳಬೇಡಿ. ವೈರನ್ನು ಲೋಹದ ಪೈಪಿನೊಳಗೆ ತೂರಿಸಿ, ಇಲ್ಲವಾದರೆ ತಾಯಿ ಕಚ್ಚುತ್ತದೆ. ಮೇಲೆ ದಪ್ಪಗೆ ಹುಲ್ಲು ಹಾಸಿದರೆ ಶಾಖ ಮರಿಗೆ ತಲುಪುವುದೇ ಇಲ್ಲ.

ಒಂದೇ ಕೊಳ್ಳುವುದಾದರೆ ಮ್ಯಾಟ್ ವಾಸಿ. ಆದರೆ ಅದು ಒದ್ದೆ ಮೈ ಒಣಗಿಸುವುದಿಲ್ಲ, ಬಟ್ಟೆ ಹಿಡಿದು ನೀವೇ ಒರೆಸಬೇಕು. ಎರಡೂ ಇದ್ದರೆ ಹೆರಿಗೆಯ ಹೊತ್ತಿಗೆ ಲ್ಯಾಂಪ್ ತಾಯಿಯ ಹಿಂದೆ, ಮ್ಯಾಟ್ ಪಕ್ಕದಲ್ಲಿ.

ಥರ್ಮಾಮೀಟರಿಗಿಂತ ಮರಿ ಮಲಗುವ ರೀತಿ ನೋಡಿ. ಒಂದರ ಮೇಲೊಂದು ರಾಶಿ ಬಿದ್ದರೆ ಚಳಿ. ಸುತ್ತ ಬಳೆಯಂತೆ ಮಲಗಿ ನಡುವೆ ಖಾಲಿ ಬಿಟ್ಟರೆ ಬಿಸಿ ಹೆಚ್ಚು, ಲ್ಯಾಂಪನ್ನು ಐದು ಸೆಂಟಿಮೀಟರ್ ಮೇಲಕ್ಕೆ ಎತ್ತಿ.